ಹಂಡೆಯ ಉಡಿ

"ಖೊಬ್ಬರಿ ಬಟ್ಲಾ ಎಲ್ಲಿ ಹೋತು ಯವ್ವಾ? ಡಬ್ಬ್ಯಾಗ ಇತ್ತಲ್ಲ?"

ವಿಶಾಖಾ ಗೂಡಿನಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಿದ್ದಳು. ಚಟ್ನಿ ಕುಟ್ಟಿ, ಬುತ್ತಿ ಕಟ್ಟಿಕೊಂಡು ವರ್ಕ್‌ಶಾಪಿಗೆ ಹೊರಡಬೇಕು. ಸೋಮವಾರ ಬೇರೆ. ಹೊಸ್ತಿಲ ಬಳಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ತಾಯಿ ಮಾನಮ್ಮ ತಲೆ ಎತ್ತದೆಯೇ ಹೇಳಿದಳು.

"ಹಂಡಿ ಜೋಡಿ ಕಳಿಸೀನಿ."

"ಯಾವ ಹಂಡಿ?"

"ಯಾವ ಹಂಡಿ ಅಂತ ಕೇಳ್ತಿಯಲ್ಲ. ನಿನ್ನಿ ಹೋತಲ್ಲ, ಅದು."

ವಿಶಾಖಾಳ ಕೈಯಲ್ಲಿದ್ದ ಡಬ್ಬಿ ಅಲ್ಲೇ ನಿಂತಿತು.

ಮಾನ್ವಿಯ ಅಂಚಿನಲ್ಲಿ, ರಾಯಚೂರು ರಸ್ತೆಯ ಮೇಲೆ ಪ್ರಭುರಾಜನ ವರ್ಕ್‌ಶಾಪಿದೆ. ಅಕ್ಕಿ ಗಿರಣಿಗಳಿಗೆ ಬೇಕಾದ ಯಂತ್ರಗಳನ್ನು ಅಲ್ಲಿ ಮಾಡುತ್ತಾರೆ. ಭತ್ತವನ್ನು ನೆನೆಸಿ ಹಬೆಯಲ್ಲಿ ಬೇಯಿಸುವ ಉಕ್ಕಿನ ಪಾತ್ರೆ ಅವರ ಹೆಸರುವಾಸಿ ಮಾಲು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದ್ದರೂ ಕೆಲಸಗಾರರ ಬಾಯಲ್ಲಿ ಅದು ಹಂಡೆ. ಪೋತ್ನಾಳ, ಸಿಂಧನೂರು ಕಡೆಯ ಗಿರಣಿಗಳಿಗೆ ಹೋಗುವ ಹಂಡೆಗಳು ಲಾರಿಯ ಮೈಗೆ ಅಳತೆಯಾಗಿ ಕೂರುತ್ತಿದ್ದವು. ಈ ಸಲದ್ದು ಹಾಗಲ್ಲ. ಆಸ್ಟ್ರೇಲಿಯಾದ ಗಿರಣಿಯೊಂದಕ್ಕೆ ಮಾಡಿದ ಈ ಹಂಡೆಯನ್ನು ಅಡ್ಡ ಮಲಗಿಸಿದರೆ ಒಳಗೆ ಒಂದು ಸಂಸಾರ ಬಾಡಿಗೆಗೆ ಇರಬಹುದಿತ್ತು. ಯಾವ ಕಂಟೇನರಿನ ಹೊಟ್ಟೆಗೂ ಅದು ಹಿಡಿಸುವಂಥದ್ದಲ್ಲ. ಸಾಲುಗಾಲಿಯ ಟ್ರೇಲರಿನ ಮೇಲೆ ಚೆನ್ನೈ ಬಂದರಿಗೆ ಹೋಗಿ, ಅಲ್ಲಿ ಕ್ರೇನಿನಲ್ಲಿ ಎತ್ತಿಸಿಕೊಂಡು, ಬರಿಮೈಯಲ್ಲೇ ಹಡಗಿನೊಳಗೆ ಇಳಿಯಬೇಕು.

"ಹಂಡ್ಯಾಗ ಏನ್ ಹಾಕಿದಿ? ನೆಟ್ಟಗ ಹೇಳು."

"ಉಡಿ ತುಂಬೀನಿ. ಐದು ಬೊಗಸಿ ಅಕ್ಕಿ, ಖೊಬ್ಬರಿ ಬಟ್ಲಾ, ಅರಿಶಿಣ ಕೊಂಬು, ಅಡಕಿ, ಎಲಿ, ಒಂದಚ್ಚು ಬೆಲ್ಲ. ಹೊಸಾ ಕುಬಸದ ಕಣದಾಗ ಕಟ್ಟಿ ಇಟ್ಟೀನಿ. ಮನಿ ಬಿಟ್ಟು ಹೊಂಟಾಕಿನ ಬರೇ ಉಡೀಲೆ ಕಳಸ್ತಾರೇನು?"

ಅದೇನೋ ಪಕ್ಕದ ಮನೆಗೆ ಒಂದು ಬಟ್ಟಲು ಸಾರು ಕೊಟ್ಟು ಕಳಿಸಿದಷ್ಟು ಸಲೀಸಾಗಿ ಮಾನಮ್ಮ ಹೇಳಿದಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುವ ತನಕ ವಿಶಾಖಾ ಡಬ್ಬಿ ಹಿಡಿದುಕೊಂಡೇ ನಿಂತಿದ್ದಳು.

ಆಸ್ಟ್ರೇಲಿಯಾದವರು ಭಾರೀ ಮಡಿಯವರು. ಹೊರಗಿನ ಮಣ್ಣು, ಕಾಳು, ಸೊಪ್ಪು, ಹುಳುಹುಪ್ಪಟೆ ಒಂದೂ ತಮ್ಮ ನೆಲ ಮುಟ್ಟಬಾರದು ಎನ್ನುವವರು. ಯಂತ್ರದ ಸಂದಿಯಲ್ಲಿ ಒಂದು ಹಿಡಿ ಮಣ್ಣು ಸಿಕ್ಕರೂ ಹಡಗುಕಟ್ಟೆಯಲ್ಲೇ ತಡೆದು ನಿಲ್ಲಿಸುತ್ತಾರೆ, ಕೆಲವು ಸಲ ಬಂದ ದಾರಿಗೇ ತಿರುಗಿಸಿ ಕಳಿಸುತ್ತಾರೆ. ಅದರಲ್ಲೂ ಅಕ್ಕಿ ಬೆಳೆಯುವ ಸೀಮೆಗೆ ಹೊರಟ ಯಂತ್ರದಲ್ಲಿ ಅಕ್ಕಿಕಾಳು! ಒಳಗೂ ಹೊರಗೂ ಸ್ವಚ್ಛ ಇದೆ, ನಾನೇ ನೋಡಿದ್ದೇನೆ ಎಂದು ವರ್ಕ್‌ಶಾಪಿನ ಒಬ್ಬರು ಸಹಿ ಹಾಕಿಕೊಡಬೇಕು. ಆ ಸಹಿ ವಿಶಾಖಾಳದು. ಜನ್ಮದಲ್ಲಿ ಮೊದಲ ಸಲ ಮೈಲಿಗೆ ಕಾಯುವ ಅಧಿಕಾರ ನಮ್ಮ ಮನೆತನಕ್ಕೆ ಬಂತು ನೋಡು ಎಂದು ತಾನೇ ನಕ್ಕು ಹಾಕಿದ್ದ ಸಹಿ.

ನಗುವಿನ ಹಿಂದೆ ಎಷ್ಟು ವರ್ಷದ ಹಟವಿತ್ತು ಎಂಬುದು ಅವಳಿಗೆ ಮಾತ್ರ ಗೊತ್ತು. ದೇವದುರ್ಗದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ತಂದೆ ತಾಯಣ್ಣ ತೀರಿದ ಮೇಲೆ ತಾಯಿ ಮಗಳು ಮಾನ್ವಿಗೆ ಬಂದರು. ಮಾನಮ್ಮ ಇದೇ ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಗುಡಿಸಿ ಮಗಳನ್ನು ರಾಯಚೂರಿನಲ್ಲಿ ಡಿಪ್ಲೊಮಾ ಓದಿಸಿದಳು. ಕೆಲಸಕ್ಕೆ ಸೇರಿದ ಮೊದಲಲ್ಲಿ ವಿಶಾಖಾಳನ್ನು ಎಲ್ಲರೂ 'ಕಸದ ಮಾನಮ್ಮನ ಮಗಳು' ಎನ್ನುತ್ತಿದ್ದರು. ಈಗ 'ವಿಶಾಖಾ ಮೇಡಂ ನೋಡ್ಯಾರೇನು' ಎಂದು ಕೇಳದೆ ಗೇಟಿನಿಂದ ಒಂದು ಬೋಲ್ಟೂ ಹೊರಗೆ ಹೋಗುವುದಿಲ್ಲ. ಆ ಹೆಸರು ಈಗ ಕುಬಸದ ಕಣದಲ್ಲಿ ಗಂಟಾಗಿ ಚೆನ್ನೈ ದಾರಿ ಹಿಡಿದಿತ್ತು.

ಅವಳು ಡ್ರೈವರ್ ಮಹಮ್ಮದ್ ಹುಸೇನರಿಗೆ ಫೋನ್ ಮಾಡಿದಳು.

"ಎಲ್ಲಿ ಅದೀರಿ ಚಾಚಾ?"

"ಎಲ್ಲಿ ಹೋಗ್ಲಿ ಬೇಟಿ, ಗುಂಜಹಳ್ಳಿ ಹತ್ರ ನಿಂತೀನಿ. ರಾಯಚೂರು ದಾಟಾಕ ನಿನ್ನಿ ಪೂರಾ ದಿನ ಹೋತು. ಇಲ್ಲಿ ಮ್ಯಾಲ ದೊಡ್ಡ ಲೈನ್ ಅದ. ಕರೆಂಟಿನವ್ರು ಬಂದು ಬಂದ್ ಮಾಡಿದ್ರ ಮುಂದಕ್ಕ. ಮಧ್ಯಾಹ್ನ ಬರ್ತೀವಿ ಅಂದಾರ."

ವಿಶಾಖಾಳಿಗೆ ಹೋದ ಜೀವ ಬಂದಂತಾಯಿತು. ಬಂದರಿನ ಗೇಟು ದಾಟಿದ್ದರೆ ಮುಗಿದೇ ಹೋಗುತ್ತಿತ್ತು. ಗಂಟು ತೆಗೆದುಕೊಂಡು ಬಂದುಬಿಟ್ಟರೆ ಇದೊಂದು ನಡೆದೇ ಇಲ್ಲ ಎಂದುಕೊಂಡು, ಹೊಟ್ಟೆನೋವು, ಇವತ್ತು ಬರುವುದಿಲ್ಲ ಎಂದು ಪ್ರಭುರಾಜನಿಗೆ ಸಂದೇಶ ಕಳಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೊಟ್ಟೆನೋವನ್ನೇ ಹಿಡಿದುಕೊಳ್ಳುತ್ತಾರೆ.

"ಏಳು ಯವ್ವಾ. ಎಲ್ಲಿ ಇಟ್ಟಿ ಅಂತ ತೋರಸ್ಬೇಕು."

"ಉಡಿ ತುಂಬಿದ್ದನ್ನ ಹೊಳ್ಳಿ ತಗಿತಾರೇನಬೇ? ನಾ ಒಲ್ಲೆ. ಅಕ್ಕಿ ಬೇಸೋ ಹಂಡ್ಯಾಗ ಅಕ್ಕಿ ಇಟ್ರ ಏನ್ ತಪ್ಪು ಆತು?"

"ನನ್ನ ನೌಕರಿ ಹೊಕ್ಕದ."

ಮಾನಮ್ಮ ಸೊಪ್ಪಿನ ಕಟ್ಟನ್ನು ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಎದ್ದು ಸೆರಗು ಕೊಡವಿಕೊಂಡಳು.

"ನಡಿ. ತಗಿಯಾಕಲ್ಲ ಮತ್ತ. ಇನ್ನೊಮ್ಮಿ ನೋಡಿ ಬರೂಣಂತ ಬರ್ತೀನಿ."

ಸ್ಕೂಟಿ ಮಾನ್ವಿ ದಾಟುವ ಮೊದಲೇ ಬಿಸಿಲು ಬೆನ್ನು ಹತ್ತಿತು. ರಸ್ತೆಯ ಒಂದು ಬದಿಯನ್ನು ರೈತರು ಭತ್ತ ಒಣಹಾಕಿ ನುಂಗಿಬಿಟ್ಟಿದ್ದರು. ಇನ್ನೊಂದು ಬದಿಯಲ್ಲಿ ಲಾರಿಗಳು. ವಿಶಾಖಾ ಎಷ್ಟು ಅವಸರ ಮಾಡಿದರೂ ಸ್ಕೂಟಿ ಎರಡು ಜೀವ ಹೊತ್ತು ತನ್ನ ಯೋಗ್ಯತೆಗೆ ತಕ್ಕಷ್ಟೇ ಓಡುತ್ತಿತ್ತು. ಇಡೀ ಸೀಮೆಯೇ ಕಾಳಿನಿಂದ ತುಂಬಿರುವಾಗ ಹಂಡೆಯೊಂದನ್ನು ಕಾಳಿಲ್ಲದಂತೆ ಕಳಿಸುತ್ತೇನೆಂದು ಹೊರಟ ತನ್ನ ಧೈರ್ಯಕ್ಕೆ ಏನು ಹೇಳಬೇಕು?

ಹಂಡೆ ಹೋದ ದಾರಿಯನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ರಸ್ತೆಗೆ ಬಾಗಿದ ಬೇವಿನ ಟೊಂಗೆಗಳನ್ನು ಕಡಿದು ಬದಿಗೆ ಹಾಕಿದ್ದರು, ಎಲೆ ಇನ್ನೂ ಬಾಡಿರಲಿಲ್ಲ. ಕಲ್ಲೂರಿನಲ್ಲಿ ಟಿವಿ ಕೇಬಲ್ ಹರಿದು ಜೋತಾಡುತ್ತಿತ್ತು. ತಾಯಿಗೆ ನೀರು ಕುಡಿಸಲು ಅಲ್ಲಿಯ ಚಹಾದಂಗಡಿಯ ಮುಂದೆ ನಿಂತಾಗ ಒಳಗೆ ಅದೇ ಮಾತು ನಡೆದಿತ್ತು. ಒಬ್ಬ ಅದನ್ನು ಮಿಸೈಲು ಎನ್ನುತ್ತಿದ್ದ. ಇನ್ನೊಬ್ಬ, ಮಿಸೈಲ್ ಆಗಿದ್ದರೆ ಹಿಂದೆ ಮುಂದೆ ಮಿಲಿಟರಿ ಇರುತ್ತಿರಲಿಲ್ಲವೇನು, ಅದು ಶಕ್ತಿನಗರದ ಕರೆಂಟು ಫ್ಯಾಕ್ಟರಿಗೆ ಹೋಗುವ ಸಾಮಾನು ಎಂದು ವಾದಿಸುತ್ತಿದ್ದ.

"ಅಕ್ಕಿ ಬೇಸೂ ಹಂಡಿ ಅದು," ಎಂದು ಮಾನಮ್ಮ ಸ್ಕೂಟಿಯ ಮೇಲಿಂದಲೇ ಹೇಳಿದಳು. "ಆಸ್ಟ್ರೇಲಿಕ್ಕ ಹೊಂಟದ. ನಮ್ಮ ಕೈಯಾಗ ಬೆಳೆದದ್ದು."

"ಸುಮ್ಮನಿರು ಯವ್ವಾ!"

"ಯಾಕ? ಇದ್ದದ್ದು ಹೇಳಿದೆ."

ಹಂಡೆಗೆ ತಗಡು ಬಾಗಿಸಿದ ದಿನದಿಂದ ಮಾನಮ್ಮ ಅದನ್ನು ಬಿಟ್ಟು ಇದ್ದವಳಲ್ಲ. ವೆಲ್ಡಿಂಗಿನವರು ಒಳಗಿನಿಂದ ಹೊರಬಿದ್ದ ಕೂಡಲೇ ಪೊರಕೆ ಹಿಡಿದು ಅವಳು ಒಳಗೆ. ಆಳಿಳಿಯುವ ಕಿಂಡಿ ಸಣ್ಣದು, ಅವಳ ಮೈಯೂ ಸಣ್ಣದು. ಮಧ್ಯಾಹ್ನ ಊಟ ಮಾಡಿ ಅದರ ನೆರಳಿನಲ್ಲೇ ಒರಗುತ್ತಿದ್ದಳು. ಹಂಡೆ ಹೆಣ್ಣು ಎಂದು ಯಾರು ತೀರ್ಮಾನ ಮಾಡಿದರೋ ತಿಳಿಯದು, ಕೊನೆಕೊನೆಗೆ ವೆಲ್ಡರುಗಳೂ 'ಅವಳು' ಎನ್ನುತ್ತಿದ್ದರು.

ರಾಯಚೂರಿನ ಗದ್ದಲವನ್ನು ಹೊಕ್ಕು ಹೊರಬೀಳುವಷ್ಟರಲ್ಲಿ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಗುಂಜಹಳ್ಳಿ ಇನ್ನೂ ದೂರವಿರುವಾಗಲೇ ಹಂಡೆ ಕಂಡಿತು. ಹತ್ತಿ ಹೊಲಗಳ ನಡುವೆ, ರಸ್ತೆಯ ಅಗಲಕ್ಕೂ ಹಬ್ಬಿಕೊಂಡು, ಸರಪಳಿ ಬಿಗಿಸಿಕೊಂಡು ಮಲಗಿತ್ತು. ಮುಂದುಗಡೆ ಕೆಂಪು ಬಾವುಟ. ಎದುರಿನಿಂದ ಬಂದ ಎತ್ತಿನ ಬಂಡಿಯೊಂದು ದಾರಿ ಕಾಣದೆ ಹೊಲಕ್ಕೆ ಇಳಿದಿತ್ತು. ಮಾನಮ್ಮ ಸ್ಕೂಟಿಯಿಂದ ಇಳಿದವಳೇ ನೆಟ್ಟಗೆ ಹೋಗಿ ಕಬ್ಬಿಣದ ಮೇಲೆ ಕೈಯಿಟ್ಟು, ಬಿಸಿ ತಾಗಿ ಹಿಂದೆ ತೆಗೆದಳು.

"ಕಾದು ಕೆಂಡ ಆಗ್ಯಾಳ ನೋಡು."

ಮಹಮ್ಮದ್ ಹುಸೇನ್ ಟ್ರೇಲರಿನ ನೆರಳಲ್ಲಿ ಚಾಪೆ ಹಾಸಿ ಕುಳಿತಿದ್ದರು. ಬೆಳ್ಳಗೆ ಗಡ್ಡ, ಎಡತೋಳಿಗೆ ಹಸಿರು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ನಾಣ್ಯ. ವಿಶಾಖಾ ವಿಷಯ ಹೇಳಿ ಕಿಂಡಿಯ ಮುಚ್ಚಳ ಬಿಚ್ಚಬೇಕೆಂದಾಗ ಅವರು ಬೋಲ್ಟು ಬಿಚ್ಚುವ ಪಾನಾ ತೆಗೆದರಾದರೂ ಏಳಲಿಲ್ಲ.

"ಸೀಲ್ ಹಾಕಿದ್ದು ನೀವು, ಬಿಚ್ಚಂದ್ರ ಬಿಚ್ತೀನಿ. ಆದ್ರ ಬೇಟಿ, ಅಮ್ಮಾ ದುವಾ ಮಾಡಿ ಇಟ್ಟಿದ್ದು ತಗದು, ಆಮ್ಯಾಲ ಈ ಗಾಡಿ ಚೆನ್ನೈ ತನಕ ಹೊಡಿ ಅಂತೀರೇನು?" ತೋಳಿನ ಹಸಿರು ಬಟ್ಟೆ ಮುಟ್ಟಿಕೊಂಡರು. "ಇದು ನಮ್ಮ ಮನಿಯಾಕಿ ಸುಗ್ರಾ ಬೇಗಂ ಕಟ್ಟಿದ್ದು, ದಾರ್ಯಾಗ ಕಾಯೋ ಇಮಾಮ್ ಜಾಮಿನ್. ಮುಟ್ಟೋ ಜಾಗಾ ಮುಟ್ಟೋ ತನಕ ಬಿಚ್ಚಂಗಿಲ್ಲ."

"ಕೇಳು, ತಿಳಿದವ್ರು ಹೇಳಾಕತ್ತಾರ," ಎಂದಳು ಮಾನಮ್ಮ.

ವಿಶಾಖಾಳ ತಾಳ್ಮೆ ಅಲ್ಲಿ ಹರಿಯಿತು.

"ಇದಕ್ಕೇನು ನಮ್ಮಪ್ಪ ಬೌದ್ಧ ದೀಕ್ಷಾ ತಗೊಂಡಿದ್ದು? ಉಡಿ, ಕುಂಕುಮ, ದೇವ್ರು ದಿಂಡ್ರು ಎಲ್ಲ ಕೃಷ್ಣಾ ಹೊಳಿಗೆ ಬಿಟ್ಟು ಬಂದಿದ್ದ. ನನಗ ವಿಶಾಖಾ ಅಂತ ಹೆಸರಿಟ್ಟ. ನೀ ನೋಡಿದ್ರ ಕದ್ದು ಉಡಿ ತುಂಬತಿ! ನಾ ಓದಿದ್ದು, ದುಡದಿದ್ದು, ನನ್ನ ಮಾತು, ಎಲ್ಲಾ ಒಂದ ಗಂಟಿನ್ಯಾಗ ಕಟ್ಟಿ ಕಳಿಸಿದೆಲ್ಲ!"

ಅವಳ ದನಿ ಹೊಲದಾಚೆಯ ಕೂಲಿಯವರ ತನಕ ಹೋಯಿತು. ಮಾನಮ್ಮ ಮಗಳತ್ತ ನೋಡಲಿಲ್ಲ. ಹಂಡೆಯ ದುಂಡನೆಯ ಮುಖದ ನಡುವೆ, ಬಣ್ಣದ ಮೇಲೆ ಒಂದು ಕಡೆ ಮಾತ್ರ ಹೊಳಪು ಮಾಸಿತ್ತು. ಅಲ್ಲಿ ಬೆರಳಿಟ್ಟಳು.

"ಇಲ್ಲಿ ನೇತ್ರಾವತಿ ಅಕ್ಕಾರು ಕುಂಕುಮ ಹಚ್ಚಿದ್ರು. ಶನಿವಾರ."

ಹೌದು, ಹಚ್ಚಿದ್ದರು. ಪ್ರಭುರಾಜನ ಹೆಂಡತಿ ನೇತ್ರಾವತಿ ಶನಿವಾರ ಪೂಜೆ ಮಾಡಿ, ಹಂಡೆಯ ಹಣೆಗೆ ಅಂಗೈ ಅಗಲ ಕುಂಕುಮವಿಟ್ಟು, ಮಾವಿನ ತೋರಣ ಕಟ್ಟಿ, ಕಾಯಿ ಒಡೆದಿದ್ದಳು. ಪೇಡೆ ಹಂಚಿ ಎಲ್ಲರೂ ಆಚೆ ಹೋದ ಮೇಲೆ ವಿಶಾಖಾ ತೋರಣ ಕೀಳಿಸಿದ್ದಳು, ಕಾಯಿಯ ನೀರು ತೊಳೆಸಿದ್ದಳು.

"ಒರಸು ಅಂತ ನೀನ ಬಟ್ಟಿ ಕೊಟ್ಟಿ," ಎಂದಳು ಮಾನಮ್ಮ. "ಸೀಮಿಎಣ್ಣಿ ಹಚ್ಚಿ ತಿಕ್ಕು, ಕಲಿ ಉಳಿಬಾರ್ದು ಅಂದಿ. ತಿಕ್ಕಿದೆ. ದೇವದುರ್ಗದಾಗ ನನಗೂ ಹಿಂಗ ತಿಕ್ಕಿದ್ರು. ನಿಮ್ಮಪ್ಪ ಏನ ಬಿಡಿಸ್ಲಿ, ಅಂವ ಸತ್ತ ಮ್ಯಾಲ ಅವನ ತಮ್ಮಂದಿರ ಹೆಂಡ್ತ್ಯಾರು ಬಾವಿಕಟ್ಟಿಗೆ ಒಯ್ದು ತಿಕ್ಕಿದ್ರು. ನೀ ಸಣ್ಣಾಕಿ ಇದ್ದಿ, ನೋಡಾಕತ್ತಿದ್ದಿ."

ವಿಶಾಖಾಳಿಗೆ ಆ ಬಾವಿ ನೆನಪಿತ್ತು. ಬಟ್ಟೆ ಕೊಡುವಾಗ ಮಾತ್ರ ನೆನಪಾಗಿರಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಎದುರಿಗೆ ನಿಂತ ಕೆಲಸದವಳಿಗೆ ಹೇಳಿದಂತೆ ಹೇಳಿದ್ದಳು. ಆ ಕೆಲಸದವಳು ಯಾರು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

"ಹಣಿ ಒರಸಿ, ಉಡೀನೂ ಬರಿದು ಮಾಡಿ ಕಳಸೂದು ನನ್ನ ಕೈಲೆ ಆಗ್ಲಿಲ್ಲಬೇ. ಇಷ್ಟು ವರ್ಷ ಆತು, ನನ್ನ ಉಡಿ ಯಾರೂ ತುಂಬಿಲ್ಲ, ಯಾರ ಉಡಿನೂ ತುಂಬಾಕ ನನ್ನ ಬಿಟ್ಟಿಲ್ಲ. ಲಗ್ನದ ಮನ್ಯಾಗ ಆ ಹೊತ್ತಿಗೆ ನಾನ ಎದ್ದು ಒಲಿ ಕಡಿ ಹೊಕ್ಕೀನಿ. ಕಬ್ಬಿಣ ಏನ್ ಒಲ್ಲೆ ಅಂತದೇನು? ಅದಕ್ಕ ತುಂಬಿದೆ."

ಮಹಮ್ಮದ್ ಹುಸೇನ್ ಎದ್ದು, ಪಾನಾ ಹಿಡಿದು ಟ್ರೇಲರ್ ಹತ್ತಿದರು. ಸೀಲನ್ನು ವಿಶಾಖಾಳೇ ಕತ್ತರಿಸಿದಳು. ಬೋಲ್ಟುಗಳು ಒಂದೊಂದೇ ಕಿರುಗುಟ್ಟಿ ಬಿಚ್ಚಿಕೊಂಡವು. ಮುಚ್ಚಳ ಸರಿಸಿದಾಗ ಒಳಗಿನಿಂದ ಕುಲುಮೆಯಂಥ ಬಿಸಿ ಹೊರಬಿತ್ತು.

"ಕೆಳಗ ಹಬಿ ಪೈಪು ಅದಾವಲ್ಲ, ಮೂಲ್ಯಾಗ, ಅದರ ಹಿಂದ," ಎಂದಳು ಮಾನಮ್ಮ ಕೊನೆಗೆ, ಯಾರಿಗೋ ಹೇಳುವಂತೆ.

ಶನಿವಾರ ಸಂಜೆ ವಿಶಾಖಾ ಇದೇ ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡಿದ್ದಳು, ಒಳಗೆ ಇಳಿದಿರಲಿಲ್ಲ. ಬೇರೆ ಯಾರು ಗುಡಿಸಿದ್ದರೂ ಇಳಿದು ಮೂಲೆಮೂಲೆ ತಡವುತ್ತಿದ್ದಳು. ಗುಡಿಸಿದವಳು ಅವ್ವ. ಅವ್ವ ಗುಡಿಸಿದ ಮೇಲೆ ಕಸ ಹುಡುಕಲು ಹೋಗುವ ಮಗಳಿದ್ದಾಳೆಯೇ?

ಈಗ ಇಳಿದಳು. ಒಳಗೆ ಕಬ್ಬಿಣ ಅಂಗೈ ಸುಡುತ್ತಿತ್ತು, ಉಸಿರು ತನ್ನ ಕಿವಿಗೇ ದೊಡ್ಡದಾಗಿ ಕೇಳುತ್ತಿತ್ತು. ಮೊಬೈಲಿನ ಬೆಳಕು ಹಿಡಿದು ಪೈಪುಗಳ ಕಡೆ ತೆವಳಿದಳು. ಗಂಟು ಇತ್ತು. ಆದರೆ ಗಂಟಾಗಿ ಉಳಿದಿರಲಿಲ್ಲ. ಮಾನ್ವಿಯಿಂದ ಇಲ್ಲಿಯ ತನಕ ರಸ್ತೆಯ ಪ್ರತಿಯೊಂದು ಕುಣಿಯೂ ಅದನ್ನು ಕುಲುಕಿ ಬಿಚ್ಚಿತ್ತು. ಅಕ್ಕಿ ಪೈಪುಗಳ ಅಡಿಗೆಲ್ಲ ಚೆಲ್ಲಾಡಿತ್ತು, ಅಡಿಕೆಗಳು ಎಲ್ಲೆಲ್ಲೋ ಉರುಳಿದ್ದವು. ಬೆಲ್ಲ ಕರಗಿ ಉಕ್ಕಿಗೆ ಅಂಟಿಕೊಂಡಿತ್ತು. ಬೆಲ್ಲದ ಸುತ್ತ ಇರುವೆ. ಒಂದಲ್ಲ, ಹತ್ತಲ್ಲ, ಕಪ್ಪನೆಯ ಸಾಲೇ ಸಾಲು. ವರ್ಕ್‌ಶಾಪಿನ ಅಂಗಳದಿಂದ ಹತ್ತಿಕೊಂಡು, ಟಿಕೆಟ್ಟೂ ಇಲ್ಲದೆ, ಮರಿ ಮಕ್ಕಳ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಿದ್ದವು.

ಅವಳಿಗೆ ನಗು ಬಂತು. ಮರುಗಳಿಗೆಗೆ ಅಳು ಬಂತು. ಎರಡೂ ಆ ಹಂಡೆಯೊಳಗೆ ಒಂದೇ ಥರ ಕೇಳಿಸಿದವು.

ಬಟ್ಟೆ, ಕೊಬ್ಬರಿ, ಅರಿಶಿಣ ಕೊಂಬು ಇಷ್ಟನ್ನು ಹಿಡಿದು ಹೊರಗೆ ಬಂದಾಗ ಹೊರಗಿನ ಬಿಸಿಲೇ ತಂಪೆನಿಸಿತು. ಅಷ್ಟರಲ್ಲಿ ಲೈನ್‌ಮನ್‌ಗಳ ಜೀಪು ಬಂದು ನಿಂತಿತ್ತು. ಲೈನ್ ಬಂದ್ ಮಾಡಲು ಮೇಲಿನಿಂದ ಒಪ್ಪಿಗೆ ಸಿಕ್ಕಿದೆ, ಈಗಲೇ ಹೊರಡಿ ಎಂದು ಅವಸರ ಮಾಡುತ್ತಿದ್ದರು. ಇವತ್ತು ತಪ್ಪಿದರೆ ಮತ್ತೆ ಯಾವತ್ತೋ ಅವರಿಗೂ ಗೊತ್ತಿಲ್ಲ.

"ಸಿಕ್ತಲ್ಲ ಬೇಟಿ? ಮುಚ್ಚಿಬಿಡ್ಲೇನು?" ಎಂದರು ಮಹಮ್ಮದ್ ಹುಸೇನ್.

ಮುಚ್ಚಿಬಿಡಿ ಎಂದರೆ ಆಯಿತು. ಗಂಟು ಕೈಗೆ ಬಂದಿದೆ. ಮುಚ್ಚಳ ಬಿಗಿದು, ಹೊಸ ಸೀಲು ಹಾಕಿ, ಮನೆಗೆ ಹೋಗಿ ಹೊಟ್ಟೆನೋವು ವಾಸಿಯಾಯಿತು ಎಂದರೆ ಯಾರು ಕೇಳುತ್ತಾರೆ? ಇರುವೆಗಳು ಬದುಕುತ್ತವೋ ಸಾಯುತ್ತವೋ, ಸಮುದ್ರದ ಆಚೆ ಯಾರಾದರೂ ನೋಡುತ್ತಾರೋ ಇಲ್ಲವೋ. ನೋಡದೆಯೂ ಇರಬಹುದು. ಒಮ್ಮೆ ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಯಾರಿಗೆ?

ಹಾಗೆಂದುಕೊಂಡು ಮುಚ್ಚಳದ ತನಕ ಕೈ ಹೋಯಿತು. ಮುಂಗೈ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಅವಳು ಅದನ್ನು ಝಾಡಿಸಿ, ಟ್ರೇಲರಿನಿಂದ ಇಳಿದು, ರಸ್ತೆಯ ಬದಿಗೆ ಹೋಗಿ ಫೋನ್ ಮಾಡಿದಳು.

"ಏನವಾ, ಹೊಟ್ಟಿನೋವು ಹೆಂಗದ?" ಎಂದ ಪ್ರಭುರಾಜ.

"ಸರ್, ನಾ ಗುಂಜಹಳ್ಯಾಗ ಹಂಡಿ ಹತ್ರ ಅದೀನಿ. ಅದು ಸ್ವಚ್ಛ ಇಲ್ರಿ. ಒಳಗ ಅಕ್ಕಿ ಅದ, ಬೆಲ್ಲ ಅದ, ಇರಿವಿ ಅದಾವ. ಪೂರಾ ತೊಳೀದ ಕಳಸಬಾರ್ದ್ರಿ."

ಆ ಕಡೆಯಿಂದ ಬಂದ ಮಾತುಗಳನ್ನು ಅವಳು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಕೇಳಿದಳು. ಹಡಗು ತಪ್ಪುತ್ತದೆ, ಟ್ರೇಲರು ದಾರಿಯಲ್ಲಿ ಕೊಳೆಯುತ್ತದೆ, ಊರಲ್ಲೆಲ್ಲ ನಗೆಪಾಟಲಾಗುತ್ತದೆ, ನಿನ್ನನ್ನು ನಂಬಿದ್ದೆನಲ್ಲ. ಕುರಿ ಕಾಯ್ದ ತಂದೆಯ ಮಗ ಪ್ರಭುರಾಜ. ಒಂದು ವೆಲ್ಡಿಂಗ್ ಮಶೀನಿನಿಂದ ಮೇಲೆ ಬಂದವನು. ಕಡಲು ದಾಟುವ ಮಾಲು ಮಾಡಿದೆ ಎಂದು ತಾಲೂಕಿನ ತುಂಬ ಎದೆಯುಬ್ಬಿಸಿ ತಿರುಗಿದ್ದ. ಅವನ ಸಿಟ್ಟು ಅವಳಿಗೆ ಅರ್ಥವಾಗುತ್ತಿತ್ತು.

"ಒಳಗ ಹಾಕಿದವ್ರು ಯಾರು?"

"ನಾ ಒಳಗಿಳಿದು ನೋಡ್ಬೇಕಿತ್ರಿ. ನೋಡ್ಲಿಲ್ಲ. ನಂದ ತಪ್ಪು."

"ಅದನ್ನ ಕೇಳಲಿಲ್ಲ ನಾ. ಹಾಕಿದವ್ರು ಯಾರು?"

ದೂರದಲ್ಲಿ ಮಾನಮ್ಮ ಲೈನ್‌ಮನ್‌ಗಳಿಗೆ ಏನೋ ಹೇಳುತ್ತಿದ್ದಳು. ಕೈ ಅಗಲಿಸಿ ಹಂಡೆಯ ಉದ್ದ ಅಗಲ ತೋರಿಸುತ್ತಿದ್ದಳು. ಅವರು ನಗುತ್ತಿದ್ದರು.

"ನಮ್ಮವ್ವ, ಸರ್."

ಪ್ರಭುರಾಜ ಉಸಿರು ಬಿಟ್ಟದ್ದು ಕೇಳಿಸಿತು. ದನಿ ಇಳಿಯಿತು. ಇಳಿದ ದನಿಯೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಹಡಗಿನವ್ರ ಜೋಡಿ ನಾ ಮಾತಾಡ್ತೀನಿ. ಮುಂದಿನ ಹಡಗಿಗೆ ಹಾಕೂಣು. ನೀ ಅಲ್ಲೇ ನಿಂತು ತೊಳಿಸಿ, ಒಣಗಿಸಿ, ಒಳಗ ಇಳದು ನೋಡಿ ಮತ್ತ ಸಹಿ ಮಾಡು. ಫೋನ್ ಮಾಡಿ ಹೇಳಿದಿ, ಅದಕ್ಕ ನಿನ್ನ ಬಿಡಾಂಗಿಲ್ಲ. ನೀ ಬಾ ಕೆಲಸಕ್ಕ. ನಿಮ್ಮವ್ವ ಮಾತ್ರ ಇನ್ನ ಗೇಟಿನ ಒಳಗ ಬರೂದು ಬ್ಯಾಡ."

"ಆಯ್ತ್ರಿ ಸರ್."

ಎರಡು ಮಾತು. ಬಾಯಿಂದ ಬಿದ್ದ ಮೇಲೆಯೇ ಅವು ಅವಳ ಕಿವಿಗೆ ತಾಗಿದವು. ಫೋನು ಕಟ್ಟಾಗಿತ್ತು. ಅವ್ವ ಆ ಗೇಟಿನ ಒಳಗೆ ಕಾಲಿಟ್ಟಾಗ ಶೆಡ್ಡಿಗೆ ಗೋಡೆಯೂ ಇರಲಿಲ್ಲ, ಇದನ್ನಾದರೂ ಹೇಳಬಹುದಿತ್ತು. ಮತ್ತೆ ಫೋನ್ ಮಾಡಬೇಕೆಂದು ಹೆಸರಿನ ಮೇಲೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು, ಒತ್ತಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು, ಆ ಅಸಹ್ಯದ ಅಡಿಯಲ್ಲಿ ನೌಕರಿ ಉಳಿಯಿತು ಎಂಬ ಸಮಾಧಾನವೂ ನಾಚಿಕೆಯಿಲ್ಲದೆ ಕುಳಿತಿತ್ತು.

ವಾಪಸು ಬಂದಾಗ ಮಾನಮ್ಮ ಕೇಳಿದಳು.

"ಏನಂದ್ರು ಸಾವ್ಕಾರ್ರು?"

"ತೊಳೀರಿ ಅಂದ್ರು."

"ಬೈದ್ರೇನು?"

"ಬೈದ್ರು."

"ಬೈಲಿ ಬಿಡು. ಬೈದವ್ರು ಬದುಕಾಕ ಹೇಳ್ಯಾರ ಅಂದ್ಕೋ. ನಾಳಿ ನಾನ ಕೈ ಮುಗದು ತಪ್ಪಾತ್ರಿ ಅಂತೀನಿ. ನನ್ನ ಮಾತು ಮೀರಂಗಿಲ್ಲ ಅವ್ರು."

ವಿಶಾಖಾ ಬೇರೆ ಕಡೆ ನೋಡಿದಳು.

ಲೈನ್‌ಮನ್‌ಗಳು ಗೊಣಗುತ್ತ ಜೀಪು ತಿರುಗಿಸಿಕೊಂಡು ಹೋದರು. ಮಹಮ್ಮದ್ ಹುಸೇನ್ ಊರೊಳಗೆ ಹೋಗಿ ನೀರಿನ ಟ್ಯಾಂಕರ್ ಒಂದನ್ನು ಗೊತ್ತುಮಾಡಿಕೊಂಡು ಬಂದರು. ಟ್ರ್ಯಾಕ್ಟರಿನ ಹಿಂದೆ ಅದು ಕುಲುಕುತ್ತ ಬಂದು ನಿಲ್ಲುವಷ್ಟರಲ್ಲಿ ಬಿಸಿಲು ಓರೆಯಾಗಿತ್ತು. ವಿಶಾಖಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಪೈಪು ಹಿಡಿದು ಒಳಗೆ ಇಳಿದಳು. ಟ್ರೇಲರಿನ ಹಿಂದಕ್ಕೆ ಚಾಚಿಕೊಂಡಿದ್ದ ಭಾಗದ ಅಡಿಯಲ್ಲಿ ಹಂಡೆಯ ನೀರು ಬಸಿಯುವ ಬಾಯಿ ಇತ್ತು, ಊಟದ ತಾಟಿನಷ್ಟು ಅಗಲದ್ದು. ಮಹಮ್ಮದ್ ಹುಸೇನ್ ಕೆಳಗಿನಿಂದ ಅದರ ಮುಚ್ಚಳ ಬಿಚ್ಚಿದರು. ಕತ್ತಲ ನೆಲದಲ್ಲಿ ದುಂಡನೆಯ ಬೆಳಕೊಂದು ತೆರೆದುಕೊಂಡಿತು.

"ಬಿಡಲೇನು?" ಎಂದು ಒಳಗಿನಿಂದ ಕೂಗಿದಳು.

"ತಡಿ, ತಡಿ!" ಅವ್ವನ ದನಿ. "ನೆಲಕ್ಕ ಬೀಳಬಾರ್ದು. ಉಡಿ ತುಂಬಿದ್ದು ಮಣ್ಣಾಗ ಬೀಳಬಾರ್ದು."

"ಎಲ್ಲಿ ಹಿಡಿತಿ ಯವ್ವಾ? ಬಕೀಟಿಲ್ಲ, ಏನಿಲ್ಲ."

ವಿಶಾಖಾ ಮೊಣಕಾಲೂರಿ ಬಗ್ಗಿ ಬೆಳಕಿನ ಬಾಯಿಯಿಂದ ಕೆಳಗೆ ನೋಡಿದಳು. ಮಾನಮ್ಮ ಹಂಡೆಯ ಅಡಿಗೆ ಬಂದು ನಿಂತಿದ್ದಳು. ಮಾಸಿದ ಸೀರೆಯ ಸೆರಗನ್ನು ತೆಗೆದು, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಸ್ವಲ್ಪ ಬಾಗಿದ್ದಳು. ತಲೆಗೂದಲಿನ ಬೈತಲೆ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಹ್ಞೂಂ, ಬಿಡು," ಎಂದಳು.

ನೀರು ಹೊಡೆಯಿತು. ಪೈಪುಗಳ ಅಡಿಯಿಂದ ಅಕ್ಕಿ ಎದ್ದು, ಬೆಲ್ಲದ ಕೆಂಪು ನೀರಿನ ಜೊತೆ, ಇರುವೆಗಳ ಜೊತೆ ಹರಿದು ಬಂದು ಬೆಳಕಿಗೆ ಇಳಿಯಿತು. ಕೆಳಗೆ ಸೆರಗು ಭಾರಕ್ಕೆ ಜಗ್ಗಿತು. ನೀರು ಬಟ್ಟೆಯಿಂದ ಸೋರಿ ಅವಳ ಕಾಲಮೇಲೆಲ್ಲ ಹರಿಯಿತು, ಅಕ್ಕಿ ನಿಂತಿತು. ಮಾನಮ್ಮ ಅಲುಗಾಡಲಿಲ್ಲ. ಸೆರಗಿನ ತುದಿಗಳನ್ನು ಇನ್ನಷ್ಟು ಮೇಲಕ್ಕೆ, ಹೊಟ್ಟೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೂ ಅದ ಏನಬೇ?"

ವಿಶಾಖಾ ನೀರಿನ ಪೈಪನ್ನು ಬದಿಗಿಟ್ಟಳು. ಮೂಲೆಯ ಸಂದಿಯಲ್ಲಿ ಒದ್ದೆಯಾಗಿ ಗುಂಪಾಗಿ ಕುಳಿತಿದ್ದ ಅಕ್ಕಿಯನ್ನು ಎರಡೂ ಕೈಯಿಂದ ಬಾಚಿ ಬೊಗಸೆ ತುಂಬಿಕೊಂಡಳು.

"ಅದ ಯವ್ವಾ," ಎಂದಳು. "ಹಿಡಿ."